ಬೋರ್ಡಿನ ಮೇಲೆ ‘ಹೋಟೆಲ್’ ಎಂದೇ ಇರಲಿ

ಲಾಲ್‌ಬಾಗ್‌ನ ನಮ್ಮ ಹೋಟ್ಲು ಎರಡು ತಿಂಗಳಿಂದ ಮುಚ್ಚಿದೆ. ಬೆಂಗಳೂರಿನ ಲಾಲ್‌ಬಾಗ್ ಅಲ್ಲ, ಮುಂಬಯಿಯದು. ಗಿರಣಿಯ ಭೋಂಗಾ, ಅಂದರೆ ಸೈರನ್, ಕೇಳಿ ಜನ ಏಳುತ್ತಿದ್ದ ಗಿರಣ್‌ಗಾವ್ ಎಂಬ ಬಟ್ಟೆ ಗಿರಣಿಗಳ ಬೀಡಿನ ನಡುಮಧ್ಯದ್ದು. 1961ರಲ್ಲಿ ಅಪ್ಪಯ್ಯ ಶುರುಮಾಡಿದ ಹೋಟ್ಲನ್ನು ಈಗ ಅಣ್ಣನ ಮಗ ನೋಡಿಕೊಳ್ಳುತ್ತಾನೆ. ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸಿದ್ದಾನೆ, ಅಡುಗೆಮನೆಗೆ ದೊಡ್ಡ ಚಿಮಣಿ ಕೂರಿಸಿದ್ದಾನೆ, ಗಲ್ಲೆಯ ಹಿಂದಿನ ದೇವರ ಪಟಗಳಿಗೆ ಹೊಸ ಚೌಕಟ್ಟು ಕಟ್ಟಿಸಿದ್ದಾನೆ. ಎಲ್ಲವೂ ಚಂದ. ನನ್ನ ತಕರಾರು ಬೋರ್ಡಿನದು ಮಾತ್ರ.

ಹಳೆಯ ಬೋರ್ಡಿನಲ್ಲಿ ಊರದೇವರ ಹೆಸರಿನ ಮುಂದೆ ‘ಹೋಟೆಲ್’ ಎಂದಿತ್ತು. ಹೊಸದರಲ್ಲಿ ‘ರೆಸ್ಟೋರೆಂಟ್’ ಎಂದು ಬರೆಸಬೇಕಂತೆ. ಒಳಗಿನ ಅಲಂಕಾರ ಮಾಡಿಕೊಟ್ಟ ಹುಡುಗಿ ಹಾಗೆ ಹೇಳಿದ್ದಾಳೆ. ಕಳೆದ ಭಾನುವಾರ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಅಣ್ಣನ ಮಗ ವಿಷಯ ತೆಗೆದ. “ಚಿಕ್ಕಯ್ಯ, ಹೋಟೆಲ್ ಅಂದ್ರೆ ರೂಮ್ ಇರೋ ಜಾಗ. ಬರೀ ತಿನ್ನೋ ಜಾಗಕ್ಕೆ ರೆಸ್ಟೋರೆಂಟ್ ಅನ್ಬೇಕು. ಫೋನಲ್ಲಿ ಹುಡುಕೋರಿಗೆ ಗಲಿಬಿಲಿ ಆಗತ್ತೆ,” ಅಂದ. ನನ್ನ ಮಗಳು ಅವನ ಪರ. “ಹೌದು ಅಪ್ಪ, ನಾವು ಮೊದಲಿಂದ ತಪ್ಪೇ ಹೇಳ್ತಾ ಬಂದಿದ್ದೇವೆ.”

ಆ ‘ತಪ್ಪು’ ಅನ್ನುವ ಮಾತು ಎಲೆಯ ಮೇಲಿನ ಅನ್ನ ಗಂಟಲಲ್ಲಿ ಇಳಿಯದ ಹಾಗೆ ಮಾಡಿತು. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು, ಕಪ್ಪುಬಸಿ ತೊಳೆಯುವುದರಿಂದ ತೊಡಗಿ ಗಲ್ಲೆಯವರೆಗೆ ಏರಿದ ಮನುಷ್ಯ ಬಾಳಿಡೀ ಹೇಳಿದ ಒಂದು ಶಬ್ದ ತಪ್ಪೇ? ಕುಂದಾಪುರದಿಂದ ಬೀದರಿನವರೆಗೆ ಜನ “ಹೋಟ್ಲಲ್ಲಿ ತಿಂದೆ” ಅನ್ನುವುದು ತಪ್ಪೇ? ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ಭಾಷಾಶಾಸ್ತ್ರ ಓದಿದವನಲ್ಲ. ಆದರೆ ಶಬ್ದಗಳ ಬೇರು ಹುಡುಕುವ ಹುಚ್ಚು ಹಳೆಯದು. ನಿಘಂಟುಗಳನ್ನು ಇಳಿಸಿಕೊಂಡು ಕೂತೆ.

ಇಂಗ್ಲಿಷಿಗೆ ಹೋಟೆಲ್ ಎಂಬ ಶಬ್ದ ಬಂದದ್ದು ಫ್ರೆಂಚಿನಿಂದ, 17ನೇ ಶತಮಾನದಲ್ಲಿ. ಆಗ ಅದಕ್ಕೂ ಬಾಡಿಗೆ ರೂಮಿಗೂ ಸಂಬಂಧವೇ ಇರಲಿಲ್ಲ. ಫ್ರಾನ್ಸಿನ ಶ್ರೀಮಂತರು ಪಟ್ಟಣದಲ್ಲಿ ಕಟ್ಟಿಕೊಂಡ ದೊಡ್ಡ ಮನೆಗೆ ಆ ಹೆಸರು. ಹಣ ಕೊಟ್ಟು ತಂಗುವ ಜಾಗ ಎಂಬ ಅರ್ಥ ಇಂಗ್ಲಿಷಿನಲ್ಲಿ ನೆಲೆಯಾದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಶಬ್ದ ಹುಟ್ಟಿದ ಫ್ರಾನ್ಸಿನಲ್ಲಾದರೋ ಹಳೆಯ ಅರ್ಥಗಳು ಇಂದಿಗೂ ಬದುಕಿವೆ. ಅಲ್ಲಿ ‘ಓತೆಲ್ ದ ವಿಲ್’ ಎಂದರೆ ಪುರಸಭೆಯ ಕಟ್ಟಡ. 14ನೇ ಲೂಯಿ ದೊರೆ ಗಾಯಗೊಂಡ, ಮುಪ್ಪಾದ ಸೈನಿಕರಿಗಾಗಿ 1670ರಲ್ಲಿ ಕಟ್ಟಲು ಅಪ್ಪಣೆ ಕೊಟ್ಟ ಆಶ್ರಯಧಾಮಕ್ಕೂ ಓತೆಲ್ ಎಂದೇ ಹೆಸರು. ಪ್ಯಾರಿಸ್ಸಿನ ‘ಓತೆಲ್ ದ್ಯೂ’, ಅಂದರೆ ದೇವರ ಹೋಟೆಲ್, ಒಂದು ಆಸ್ಪತ್ರೆ, ಕ್ರಿ.ಶ. 651ರಲ್ಲಿ ಸ್ಥಾಪನೆಯಾಯಿತು ಎಂಬುದು ಅಲ್ಲಿನವರ ನಂಬಿಕೆ.

ಆಸ್ಪತ್ರೆ ಹೇಗೆ ಹೋಟೆಲ್ ಆಯಿತು ಎಂದು ಯಾರಿಗಾದರೂ ಅನಿಸೀತು. ಫ್ರೆಂಚರು ಈ ಶಬ್ದ ಬರೆಯುವಾಗ ‘ಓ’ ಅಕ್ಷರದ ತಲೆಯ ಮೇಲೆ ಒಂದು ಪುಟ್ಟ ಟೋಪಿ ಇಡುತ್ತಾರೆ. ಹಿಂದೆ ಅಲ್ಲೊಂದು ‘ಸ್’ ಇತ್ತು, ಆಡುತ್ತ ಆಡುತ್ತ ಸವೆದುಹೋಯಿತು ಎಂಬುದಕ್ಕೆ ಆ ಟೋಪಿ ಗುರುತು. 1740ರ ಫ್ರೆಂಚ್ ಅಕಾಡೆಮಿಯ ನಿಘಂಟಿನಲ್ಲಿ ಇಂಥ ಎಷ್ಟೋ ‘ಸ್’ಗಳನ್ನು ತೆಗೆದುಹಾಕಿದರು. ಆ ‘ಸ್’ ಅನ್ನು ವಾಪಸ್ ಕೂರಿಸಿದರೆ ಹೋಟೆಲ್ ಹಾಸ್ಟೆಲ್ ಆಗುತ್ತದೆ. ಅಲ್ಲಿಂದ ಹಾಸ್ಪಿಟಲ್, ಹಾಸ್ಪಿಟಾಲಿಟಿ, ಹೋಸ್ಟ್ ಎಲ್ಲ ಒಂದೇ ಮನೆಯ ಮಕ್ಕಳು ಎಂದು ಮುಖನೋಡಿಯೇ ಹೇಳಬಹುದು. ಹಾಸ್ಪಿಟಲ್ ಕೂಡ ಮೊದಲು ರೋಗಿಗಳ ಜಾಗವಲ್ಲ. ಯಾತ್ರಿಕರಿಗೆ, ಬಡವರಿಗೆ, ದಿಕ್ಕಿಲ್ಲದವರಿಗೆ ತುತ್ತು ಕೊಟ್ಟು ಮಲಗಲು ಜಾಗ ಕೊಡುತ್ತಿದ್ದ ತಾಣ. ಹೆಚ್ಚುಕಡಿಮೆ ನಮ್ಮ ಛತ್ರ.

ಇವೆಲ್ಲದರ ತಾಯಿ ಲ್ಯಾಟಿನ್ನಿನ ‘ಹೋಸ್ಪೆಸ್’. ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಯಾಕೆಂದರೆ ಹೋಸ್ಪೆಸ್ ಎಂದರೆ ಬಂದವನೂ ಹೌದು, ಬಂದವನನ್ನು ಬರಮಾಡಿಕೊಂಡವನೂ ಹೌದು. ಅತಿಥಿ ಮತ್ತು ಆತಿಥೇಯ ಇಬ್ಬರಿಗೂ ಒಂದೇ ಶಬ್ದ. ಫ್ರೆಂಚಿನ ‘ಓತ್’ ಈಗಲೂ ಹಾಗೆಯೇ, ಎರಡೂ ಅರ್ಥ ಹೊತ್ತುಕೊಂಡಿದೆ. ಭಾಷಾಶಾಸ್ತ್ರಜ್ಞರು ಹೋಸ್ಪೆಸ್ ಅನ್ನು ಎರಡು ತುಂಡು ಮಾಡಿ ನೋಡುತ್ತಾರೆ. ಎರಡನೆಯ ತುಂಡು ನಮ್ಮ ‘ಪತಿ’ಯ ಒಡಹುಟ್ಟು, ಗೃಹಪತಿ, ಸಭಾಪತಿ ಅನ್ನುತ್ತೇವಲ್ಲ, ಆ ಪತಿ. ಮೊದಲ ತುಂಡಿನ ಅರ್ಥ ಹೊರಗಿನಿಂದ ಬಂದವನು, ಕೊಟ್ಟು ತೆಗೆದುಕೊಳ್ಳುವ ಋಣ ಯಾರ ಜೊತೆಗೆ ಇದೆಯೋ ಅವನು. ಇಂಗ್ಲಿಷಿನ ‘ಗೆಸ್ಟ್’ ಇದೇ ಬೇರಿನ ಇನ್ನೊಂದು ಚಿಗುರು.

ಅದೇ ಬೇರಿನಿಂದ ಲ್ಯಾಟಿನ್ನಿನಲ್ಲಿ ಮತ್ತೊಂದು ಶಬ್ದ ಹುಟ್ಟಿತು, ‘ಹೋಸ್ಟಿಸ್’. ಮೊದಮೊದಲು ಅದಕ್ಕೆ ಪರದೇಶಿ, ಅಪರಿಚಿತ ಎಂಬಷ್ಟೇ ಅರ್ಥ. ನಮ್ಮ ಹಿರಿಯರು ಹೋಸ್ಟಿಸ್ ಅನ್ನುತ್ತಿದ್ದದ್ದು ಪರದೇಶದವನಿಗೆ ಎಂದು ಸಿಸೆರೋ ತನ್ನ ಕಾಲದ ರೋಮನರಿಗೆ ನೆನಪಿಸಬೇಕಾಯಿತು. ಅಷ್ಟರಲ್ಲಿ ಆ ಶಬ್ದ ಶತ್ರು ಎಂಬ ಅರ್ಥಕ್ಕೆ ತಿರುಗಿಬಿಟ್ಟಿತ್ತು. ಇಂಗ್ಲಿಷಿನ ‘ಹೋಸ್ಟೈಲ್’ ಬಂದದ್ದು ಅಲ್ಲಿಂದ. ಬಾಗಿಲಿಗೆ ಬಂದ ಅಪರಿಚಿತನಿಗೆ ಎಲೆ ಹಾಕಿದರೆ ಹೋಟೆಲ್, ಬಾಗಿಲು ಹಾಕಿದರೆ ಹಗೆ. ಎರಡೂ ಒಂದೇ ಬೇರಿನ ಮಾತು.

ಇದನ್ನು ಓದುವಾಗ ನನಗೆ ನೆನಪಾದದ್ದು ತುಳುವಿನ ‘ಬಿನ್ನೆರ್’. ನಮ್ಮದು ಕುಂದಾಪುರ ಕಡೆಯ ಕನ್ನಡ; ಅಪ್ಪಯ್ಯ ತುಳು ಕಲಿತದ್ದು ಮುಂಬಯಿಯ ಅಡುಗೆಮನೆಯಲ್ಲಿ, ನಾನು ಕಲಿತದ್ದು ಅಪ್ಪಯ್ಯನಿಂದ. ಬಿನ್ನೆರ್ ಎಂದರೆ ಮನೆಗೆ ಬಂದ ನೆಂಟರು, ಅತಿಥಿಗಳು. ತಮಿಳಿನಲ್ಲಿ ಇದಕ್ಕೆ ನಂಟಿರುವ ಶಬ್ದ ‘ವಿರುಂದು’: ಅತಿಥಿ, ಔತಣ, ಹೊಸತು ಮೂರೂ ಅದೇ. ತೆಲುಗಿನಲ್ಲಿ ‘ವಿಂದು’ ಎಂದರೆ ಔತಣ. ಹಳಗನ್ನಡದಲ್ಲಿಯೂ ಇತ್ತು: ಬಿರ್ದು, ಬಿದ್ದು, ಬಿದ್ದಿನ. ಔತಣಕ್ಕೂ ಅತಿಥಿಗೂ ಸೇರಿದ ಮಾತುಗಳು. ನಾವು ಕನ್ನಡದವರು ಅದನ್ನು ಬಿಟ್ಟು ಸಂಸ್ಕೃತದ ಅತಿಥಿಯನ್ನು ಹಿಡಿದೆವು, ತಿಥಿ ನೋಡದೆ ಬರುವವನು ಎಂದು ಅರ್ಥ ಬಿಡಿಸಿದೆವು. ಅದೂ ಚಂದದ ಮಾತೇ. ಆದರೆ ಬಂದವನು ಬೇರೆಯಲ್ಲ, ಅವನಿಗೆ ಬಡಿಸುವ ಊಟ ಬೇರೆಯಲ್ಲ ಎಂಬ ತಿಳಿವು ದ್ರಾವಿಡ ನುಡಿಗಳ ಒಳಗೇ ಇತ್ತು. ಅಂಥ ನುಡಿಯ ಜನರ ಕೈಗೆ ಹೋಟೆಲ್ ಎಂಬ ಶಬ್ದ ಸಿಕ್ಕಾಗ ಅವರು ರೂಮನ್ನು ಬಿಟ್ಟು ಊಟವನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಆಗ ಮುಂಬಯಿಯಲ್ಲಿ ಇನ್ನೊಂದು ಬಗೆಯ ಹೋಟೆಲ್ ಇರಲಿಲ್ಲ ಎಂದಲ್ಲ. ಕಾಳಾಘೋಡಾದ ವಾಟ್ಸನ್ಸ್ ಇತ್ತು. 1896ರ ಜುಲೈ 7ರಂದು ಲ್ಯೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ತೋರಿಸಿದ್ದು ಅಲ್ಲಿ. 1903ರ ಡಿಸೆಂಬರಿನಲ್ಲಿ ತಾಜ್ ಮಹಲ್ ಹೋಟೆಲ್ ಬಾಗಿಲು ತೆರೆಯಿತು. ಅವು ಕೋಟುಬೂಟಿನವರ ಹೋಟೆಲ್‌ಗಳು. ನಮ್ಮವರು ಬೇರೆ ಊಳಿಗಕ್ಕೆ ಬಂದವರು. ಮಾಟುಂಗಾದಲ್ಲಿ, ಕೋಟೆ ಪ್ರದೇಶದಲ್ಲಿ, ಗಿರಣಿಯ ಗಲ್ಲಿಗಳಲ್ಲಿ ಅವರು ತೆರೆದದ್ದು ಗುಮಾಸ್ತನಿಗೆ, ಹಮಾಲನಿಗೆ, ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರನಿಗೆ ಹೊಟ್ಟೆ ತುಂಬಿಸುವ ಜಾಗಗಳನ್ನು.

ಅವುಗಳ ಬೋರ್ಡು ಓದಿದರೆ ಒಂದು ವಿಷಯ ಗೊತ್ತಾಗುತ್ತದೆ. ಮಾಟುಂಗಾ ಸ್ಟೇಶನ್ನಿನ ಎದುರು ರಾಮ ನಾಯಕರು 1942ರಲ್ಲಿ ಶುರುಮಾಡಿದ ಊಟದ ಮನೆಯ ಹೆಸರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಇಂದಿಗೂ ಬಾಳೆಎಲೆಯಲ್ಲಿ ಬಡಿಸುತ್ತಾರೆ. ಅಲ್ಲಿ ಯಾರೂ ಮಲಗುವುದಿಲ್ಲ, ಆದರೂ ಬೋರ್ಡಿಂಗ್. ಇದೂ ತಪ್ಪೆಂದು ನಮ್ಮ ಮನೆಯ ಮಕ್ಕಳು ಹೇಳಿಯಾರು. ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮೊದಲಿಗೆ ಹಲಗೆ, ಆಮೇಲೆ ಊಟಕ್ಕೆ ಕೂರುವ ಮೇಜು, ಆಮೇಲೆ ಆ ಮೇಜಿನ ಮೇಲೆ ಬರುವ ಊಟ. ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಜೋಡಿಯಲ್ಲಿ ಊಟ ಬೋರ್ಡಿಂಗ್, ತಂಗುವುದು ಲಾಡ್ಜಿಂಗ್. ಬರೀ ಊಟ ಕೊಡುವವರು ಬರೀ ಬೋರ್ಡಿಂಗ್ ಎಂದು ಬರೆಸಿದರು. ಹೆಚ್ಚು ಶಾಲೆ ಕಲಿಯದ ನಮ್ಮ ಹಿರಿಯರು ಶಬ್ದವನ್ನು ಅಳೆದು ಬಳಸಿದ್ದರು. ಕರ್ನಾಟಕದಲ್ಲಿ ಮಲಗುವ ಜಾಗಕ್ಕೆ ಲಾಡ್ಜು, ತಿನ್ನುವ ಜಾಗಕ್ಕೆ ಹೋಟ್ಲು ಎಂದು ಪಾಲು ಮಾಡಿಕೊಂಡದ್ದೂ ಇದೇ ವಿವೇಕ.

ಈ ಹಲಗೆಯ ಮಾತಿಗೆ ನಮ್ಮ ಮನೆಯಲ್ಲಿ ಇನ್ನೊಂದು ಅರ್ಥವಿದೆ. ಅಪ್ಪಯ್ಯ ಬಂದದ್ದು 1948ರಲ್ಲಿ, ಹಡಗಿನಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು ಅದಕ್ಕೆ ಐವತ್ತು ವರ್ಷದ ಮೇಲೆ. ಸೇರಿದ್ದು ಪರೇಲಿನ ಒಂದು ಹೋಟ್ಲಿಗೆ, ಕ್ಲೀನರ್ ಆಗಿ. ರಾತ್ರಿ ಹತ್ತೂವರೆಗೆ ಶಟರ್ ಎಳೆದ ಮೇಲೆ ಮೇಜುಗಳಿಗೆ ಫಡ್ಕಾ ಹೊಡೆದು, ನೆಲ ತೊಳೆದು, ಎರಡೆರಡು ಮೇಜು ಜೋಡಿಸಿ ಅದರ ಮೇಲೆ ಚಾದರ ಹಾಸಿ ಮಲಗುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಅದೇ ಮೇಜನ್ನು ಬೇರೆ ಮಾಡಿ ಗಿರಾಕಿಗೆ ಒರೆಸಿ ಇಡಬೇಕು. ಹಗಲು ಇಡ್ಲಿ ಇಟ್ಟ ಹಲಗೆ ರಾತ್ರಿ ಬೆನ್ನಿಗೆ. ಊಟವೂ ಅಲ್ಲೇ, ಹಾಸಿಗೆಯೂ ಅಲ್ಲೇ. ರೂಮು ಇದ್ದರೆ ಮಾತ್ರ ಹೋಟೆಲ್ ಅನ್ನುವವರಿಗೆ ನಾನು ಹೇಳುವುದು ಇಷ್ಟು: ಮುಂಬಯಿಯ ಉಡುಪಿ ಹೋಟ್ಲುಗಳಲ್ಲಿ ಸಾವಿರಾರು ಹುಡುಗರು ಬಾಡಿಗೆ ಇಲ್ಲದೆ ತಂಗಿದ್ದರು. ಹೋಸ್ಪೆಸ್ ಎಂಬ ಶಬ್ದದ ಎರಡೂ ಅರ್ಥ ಆ ಮೇಜಿನ ಮೇಲಿತ್ತು. ಆ ಹುಡುಗರು ಈ ಪಟ್ಟಣಕ್ಕೆ ಬಂದ ಅತಿಥಿಗಳು. ಬೆಳಗಾದರೆ ಈ ಪಟ್ಟಣಕ್ಕೆ ಬಡಿಸುವ ಆತಿಥೇಯರು.

ಅವರಲ್ಲಿ ಎಷ್ಟೋ ಜನ ಸಂಜೆ ಒಂದೆರಡು ತಾಸು ಬಿಡುವು ಮಾಡಿಕೊಂಡು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಅಪ್ಪಯ್ಯ ಏಳನೆಯ ತರಗತಿ ಮುಗಿಸಿದ್ದು ಹಾಗೆ. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವಾಗ ಸಂಘ, ಸಮ್ಮೇಳನ, ನಾಟಕಗಳ ಲೆಕ್ಕ ಚೆನ್ನಾಗಿ ಸಿಗುತ್ತದೆ. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಎಲ್ಲ ನಮ್ಮ ಹೆಮ್ಮೆಯೇ. ಮೇಜು ಜೋಡಿಸಿ ಮಲಗಿದ ಹುಡುಗರ ಲೆಕ್ಕ ಮಾತ್ರ ‘ಹೋಟ್ಲು’ ಎಂಬ ಒಂದು ಶಬ್ದದೊಳಗೆ ಉಳಿದಿದೆ. ಅದನ್ನು ಬೋರ್ಡಿನಿಂದ ಒರೆಸಬೇಡಿ ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಇನ್ನು ‘ಸರಿಯಾದ’ ಶಬ್ದ ಎಂದು ಅವರು ಹೇಳುವ ರೆಸ್ಟೋರೆಂಟ್. ಅದು ಹುಟ್ಟುವಾಗ ಜಾಗದ ಹೆಸರೇ ಅಲ್ಲ, ಒಂದು ಸಾರಿನ ಹೆಸರು. ಫ್ರೆಂಚಿನಲ್ಲಿ ‘ರೆಸ್ತೋರೆ’ ಎಂದರೆ ಮತ್ತೆ ಮೊದಲಿನಂತೆ ಮಾಡುವುದು, ಚೇತರಿಸುವುದು. ನಿತ್ರಾಣರಾದವರಿಗೆ ಕುಡಿಸುವ, ಮಾಂಸ ಬೇಯಿಸಿ ಬಸಿದ ಗಟ್ಟಿ ಸಾರಿಗೆ ‘ರೆಸ್ತೋರಾಂ’ ಎನ್ನುತ್ತಿದ್ದರು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಆ ಸಾರು ಮಾರುವ ಅಂಗಡಿಗಳು ಶುರುವಾದವು. ರೋಜ್ ದ ಶಾಂತ್ವಾಜೋ ಎಂಬಾತ ಅದರಲ್ಲಿ ಮೊದಲಿಗನೆಂದು ಹೆಸರಾಗಿದ್ದಾನೆ. ಸಾರಿನ ಹೆಸರು ಅಂಗಡಿಗೆ ಅಂಟಿತು, ಅಂಗಡಿಯಿಂದ ಜಗತ್ತಿಗೆ ಹರಡಿತು.

ಇದನ್ನು ಓದಿದ ಮೇಲೆ ರೆಸ್ಟೋರೆಂಟ್ ಎಂಬ ಶಬ್ದದ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಯಾಕೆಂದರೆ ನಮ್ಮ ಊರಿನಲ್ಲಿ ಇದಕ್ಕೆ ಸರಿಸಾಟಿಯಾದ ಮಾತೊಂದಿದೆ, ಆಸ್ರಿ. ಬಿಸಿಲಲ್ಲಿ ನಡೆದು ಬಂದವರು ಜಗಲಿಯಲ್ಲಿ ಕೂತ ಕೂಡಲೇ ಒಳಗಿನಿಂದ ಬರುವ ಮೊದಲ ಪ್ರಶ್ನೆ “ಆಸ್ರಿಗೆ ಎಂತ ಅಡ್ಡಿಲ್ಲೆ?” ಬೆಲ್ಲ ಮತ್ತು ನೀರು, ಇಲ್ಲವೇ ಮಜ್ಜಿಗೆ. ಆಸರು ಎಂದರೆ ದಣಿವು, ಬಾಯಾರಿಕೆ. ಅದನ್ನು ಕಳೆಯುವುದು ಆಸ್ರಿ. ಮನುಷ್ಯನನ್ನು ಮತ್ತೆ ಮನುಷ್ಯನನ್ನಾಗಿ ಮಾಡುವುದಕ್ಕೆ ಪ್ಯಾರಿಸ್ಸಿನವರು ಮಾಂಸದ ಸಾರು ಕೊಟ್ಟರು, ಕುಂದಾಪುರದವರು ಬೆಲ್ಲ ನೀರು ಕೊಟ್ಟರು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ರೆಸ್ಟೋರೆಂಟ್ ತಾನು ಏನು ಕೊಡುತ್ತೇನೆ ಎಂಬುದನ್ನು ಹೇಳುವ ಶಬ್ದ. ಹೋಟೆಲ್ ಯಾರು ಬಂದಿದ್ದಾರೆ ಎಂಬುದನ್ನು ಹೇಳುವ ಶಬ್ದ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ.

ಹೋಟೆಲ್ ಎಂದರೆ ತಿನ್ನುವ ಜಾಗ ಎನ್ನುವವರು ನಾವೊಬ್ಬರೇ ಅಲ್ಲ. ಮರಾಠಿಯವರು ‘ಹಾಟೇಲಾತ್ ಜೇವಲೋ’, ಹೋಟ್ಲಲ್ಲಿ ಉಂಡೆ, ಅನ್ನುತ್ತಾರೆ. ತಮಿಳರೂ ಮಲಯಾಳಿಗಳೂ ಹಾಗೇ. ಕೆನ್ಯಾದ ಸ್ವಾಹಿಲಿಯಲ್ಲಿ ‘ಹೊಟೇಲಿ’ ಎಂದರೆ ಸಣ್ಣ ಊಟದಂಗಡಿ. ಆಸ್ಟ್ರೇಲಿಯಾದಲ್ಲಿ ಹೋಟೆಲ್ ಎಂದರೆ ಬಹಳ ಕಡೆ ಪಾನಗೃಹ. ಅಲ್ಲಿ ಮದ್ಯ ಮಾರುವ ಪರವಾನಗಿಗೆ ತಂಗಲು ಕೋಣೆ ಇರಬೇಕೆಂಬ ನಿಯಮವಿದ್ದು, ಕೋಣೆ ಹೋದರೂ ಹೆಸರು ನಿಂತಿತು. ನಮ್ಮ ಮುಂಬಯಿಯದೇ ಸಾಕ್ಷಿ ಬೇಕೆಂದರೆ 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನೋಡಬಹುದು. ಅದರಲ್ಲಿ ತಂಗುವ ಜಾಗಕ್ಕೆ ಬರಿದೇ ಹೋಟೆಲ್ ಎಂದು ಬರೆದಿಲ್ಲ, ‘ರೆಸಿಡೆನ್ಶಿಯಲ್ ಹೋಟೆಲ್’ ಎಂದು ವಿಶೇಷಣ ಸೇರಿಸಿದ್ದಾರೆ. ಬರೀ ಹೋಟೆಲ್ ಎಂದರೆ ಈ ಪಟ್ಟಣದಲ್ಲಿ ಸಾಲದು ಎಂದು ಕಾಯ್ದೆ ಬರೆದವರಿಗೂ ಅನಿಸಿರಬೇಕು.

ಊರಿಂದ ಊರಿಗೆ ಹೋದಾಗ ಶಬ್ದದ ಬಾಳು ಬದಲಾಗುವುದನ್ನು ನಾನು ಬೆಂಗಳೂರಿಗೆ ಹೋದಾಗೆಲ್ಲ ನೋಡುತ್ತೇನೆ. ಅಲ್ಲಿ ಅತ್ತಿಗೆಯ ತಂಗಿ “ಟಿಫನ್ ಆಯ್ತಾ?” ಎಂದು ಕೇಳಿದರೆ ಬೆಳಗಿನ ಉಪ್ಪಿಟ್ಟು, ದೋಸೆಯ ಮಾತು. ಮುಂಬಯಿಯಲ್ಲಿ ಟಿಫಿನ್ ಎಂದರೆ ಡಬ್ಬಾ, ಮಧ್ಯಾಹ್ನದ ಊಟ ತುಂಬಿದ ಡಬ್ಬಾ. ಇಂಗ್ಲಿಷಿನ ಹಳೆಯ ಆಡುಮಾತಿನಲ್ಲಿ ಅದರ ಮೂಲಕ್ಕೆ ಗುಟುಕು ಕುಡಿಯುವುದು ಎಂಬ ಅರ್ಥವಿತ್ತು; ಇಂಗ್ಲೆಂಡಿನಲ್ಲಿ ಅದು ಸತ್ತೇಹೋಯಿತು, ನಮ್ಮಲ್ಲಿ ಎರಡು ಕಡೆ ಎರಡು ರೀತಿ ಬೆಳೆಯಿತು. ಅವರದು ಬೈ ಟೂ ಕಾಫಿ, ನಮ್ಮದು ಕಟ್ಟಿಂಗ್ ಚಹಾ. ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತುಕೊಂಡೇ ತಿನ್ನುತ್ತಾರೆ, ಹತ್ತು ನಿಮಿಷದಲ್ಲಿ ಕೈತೊಳೆದು ಹೊರಡುತ್ತಾರೆ. ರುಚಿಯಲ್ಲಿ, ಚೊಕ್ಕಟತನದಲ್ಲಿ ಕೊರತೆ ಹೇಳುವ ಹಾಗಿಲ್ಲ. ಮುಂಬಯಿಯ ಹೋಟ್ಲಿನಲ್ಲಿ ಜಾಗವೇ ಇಲ್ಲ, ಆದರೂ ಕೂರಿಸಿ ಬಡಿಸಬೇಕು. ಹಾಗಾಗಿ ನಾಲ್ಕು ಕುರ್ಚಿಯ ಮೇಜಿಗೆ ನಾಲ್ಕು ಅಪರಿಚಿತರು. ಎದುರಿಗೆ ಕೂತವನ ತಟ್ಟೆಯಲ್ಲಿ ಪಾವ್‌ಭಾಜಿ, ನನ್ನ ತಟ್ಟೆಯಲ್ಲಿ ನೀರುಳ್ಳಿ ಉತ್ತಪ್ಪ, ನಡುವೆ ಒಂದೇ ನೀರಿನ ಜಗ್ಗು. ಅವನು ಕೇಳದೆಯೇ ನನ್ನ ಲೋಟಕ್ಕೂ ನೀರು ಬಗ್ಗಿಸುತ್ತಾನೆ. ಇದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾವಿಬ್ಬರೂ ಅಲ್ಲಿ ಅತಿಥಿಗಳೇ, ಆ ಗಳಿಗೆಗೆ ಅವನು ಆತಿಥೇಯ.

ಅಪ್ಪಯ್ಯನ ಹೋಟ್ಲಿಗೆ ಬರುತ್ತಿದ್ದವರು ಹೆಚ್ಚಿನವರು ರತ್ನಾಗಿರಿ, ಸಾತಾರಾ ಕಡೆಯ ಗಿರಣಿ ಕೆಲಸಗಾರರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರ ಒಲೆ ತಣ್ಣಗಾಯಿತು. ನಮ್ಮ ಗಲ್ಲೆಯಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತ ಹೋಯಿತು. ಬರೆದು ಬರೆದು ಕೊನೆಗೆ ಬರೆಯುವುದನ್ನೇ ನಿಲ್ಲಿಸಿದರು. ಅಣ್ಣ ಜಗಳವಾಡಿದ, “ಹೀಗಾದ್ರೆ ನಾವೇ ಊರಿಗೆ ಹೋಗ್ಬೇಕು,” ಅಂದ. ಅಪ್ಪಯ್ಯ ಗಲ್ಲೆಯಿಂದ ಕದಲದೆ ಹೇಳಿದ್ದು ಒಂದೇ ಮಾತು: “ಹೋಟ್ಲಿಗ್ ಬಂದರ್ ಹಸ್ದ್ಕಂಡ್ ಹೋಪುಕಾಗ.” ರೆಸ್ಟೋರೆಂಟ್ ಎಂಬ ಶಬ್ದವನ್ನು ಆ ವಾಕ್ಯದೊಳಗೆ ಕೂರಿಸಿ ನೋಡಿದೆ. ಕೂರುವುದಿಲ್ಲ.

ಆ ಉದ್ರಿಯ ಹಿಂದೆ ಒಂದು ಹಳೆಯ ಋಣವಿತ್ತು. 1960ರ ದಶಕದ ಕೊನೆಯಲ್ಲಿ ಈ ಪಟ್ಟಣದಲ್ಲಿ ಲುಂಗಿ ಎನ್ನುವುದು ಬೈಗುಳವಾಗಿತ್ತು. ದಕ್ಷಿಣದವರು ಕೆಲಸ ಕಿತ್ತುಕೊಂಡರು ಎಂಬ ಸಿಟ್ಟಿಗೆ ಉಡುಪಿ ಹೋಟ್ಲುಗಳ ಗಾಜು ಪುಡಿಯಾಯಿತು. ನಾನು ಆಗ ಎಂಟೊಂಬತ್ತು ವರ್ಷದವನು. ಒಂದು ಸಂಜೆ ಅಮ್ಮ ನಮ್ಮನ್ನು ಚಾಳಿನ ಕೋಣೆಯೊಳಗೆ ಕೂಡಿಹಾಕಿ, ಬಾಗಿಲಿಗೆ ಪೆಟ್ಟಿಗೆ ಒತ್ತಿಟ್ಟು ಕೂತದ್ದು ನೆನಪಿದೆ. ಹೋಟ್ಲಿಗೆ ಎರಡು ಕಲ್ಲು ಬಿತ್ತು. ಮೂರನೆಯದು ಬೀಳಲಿಲ್ಲ, ರಾತ್ರಿ ಪಾಳಿಗೆ ಹೋಗುವ ಮೊದಲು ಚಹಾಕ್ಕೆ ಬಂದಿದ್ದ ಗಿರಾಕಿಗಳು ಶಟರ್ ಎಳೆದು ಅದರ ಮುಂದೆ ನಿಂತುಬಿಟ್ಟರು. ಅವರು ಮರಾಠಿಗರು, ಕಲ್ಲು ಎಸೆದವರ ನೆರೆಹೊರೆಯವರು. ಲ್ಯಾಟಿನ್ನಿನ ಹೋಸ್ಪೆಸ್ ಮತ್ತು ಹೋಸ್ಟಿಸ್ ಎರಡನ್ನೂ ಅಪ್ಪಯ್ಯ ಒಂದೇ ಸಂಜೆ, ಒಂದೇ ಬೀದಿಯಲ್ಲಿ ಕಂಡರು. ಅಲ್ಲಿ ಶಟರ್ ಮುಂದೆ ನಿಂತವರು ಆತಿಥೇಯರು, ಒಳಗೆ ನಡುಗುತ್ತಿದ್ದವರು ಅತಿಥಿಗಳು. ಹಾಗಾದರೆ ಅಷ್ಟು ವರ್ಷ ಯಾರು ಯಾರಿಗೆ ಬಡಿಸಿದಂತಾಯಿತು?

ಈ ಕಾರಣಕ್ಕೇ ಈಚೆಗೆ ಬೆಂಗಳೂರಿನ ಸುದ್ದಿ ಓದುವಾಗ ನನಗೆ ಎದೆಯಲ್ಲಿ ಎಳೆದಂತಾಗುತ್ತದೆ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂಬ ನೋವು ನನಗೂ ಇದೆ, ಕಡಿಮೆ ಏನಿಲ್ಲ. ಅಪ್ಪಯ್ಯ ಆರು ತಿಂಗಳಲ್ಲಿ ಮರಾಠಿ ಕಲಿತರು. ಕಲಿಯಿರಿ ಎಂದು ಯಾರೂ ಗದರಿಸಲಿಲ್ಲ. ಬಡಿಸುವವನಿಗೆ ಉಣ್ಣುವವನ ಮಾತು ಗೊತ್ತಿರಬೇಕು ಎಂಬುದು ಅವರಿಗೆ ಉಪ್ಪು ಹಾಕುವಷ್ಟು ಸಹಜವಾಗಿತ್ತು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದೂ ‘ಊಟ ಆಯ್ತಾ’ ಎಂದು ಕೇಳಲು ಬಾರದವರು ತಮ್ಮ ಋಣ ತೀರಿಸಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಹಸಿದು ಬಂದ ಕೂಲಿ ಹುಡುಗನನ್ನು ಭಾಷೆ ಕೇಳಿ ಗದರಿಸುವುದನ್ನು ಕಂಡಾಗ ಶಟರ್ ಹಿಂದೆ ಕೂತ ಅಪ್ಪಯ್ಯನ ಮುಖ ಕಣ್ಣಿಗೆ ಬರುತ್ತದೆ. ಮೊದಲು ಎಲ್ಲಿಂದ ಬಂದೆ, ಉಂಡೆಯಾ ಎಂದು ಕೇಳಬೇಕು. ಭಾಷೆಯ ಮಾತು ಎರಡನೆಯ ದಿನ. ಹೊರನಾಡಿನಲ್ಲಿ ನಾಲ್ಕು ತಲೆಮಾರು ಬೇರೆಯವರ ಅಂಗಳದಲ್ಲಿ ಬಾಳಿದ ನಮಗೆ ಈ ಮಾತು ಹೇಳುವ ಹಕ್ಕಿದೆ ಎಂದು ನಂಬಿದ್ದೇನೆ.

ಹಾಸ್ಪಿಟಲ್ ಮತ್ತು ಹೋಟೆಲ್ ಒಂದೇ ಬಳ್ಳಿಯವು ಎಂದೆನಲ್ಲ. ಅಪ್ಪಯ್ಯ ಕೊನೆಗಾಲದಲ್ಲಿ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಹೋಟ್ಲಿಂದ ದಿನಾ ಗಂಜಿ, ಮೆಂತೆ ತಂಬುಳಿ ಬರುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಉತ್ತರ ಪ್ರದೇಶದ ಟ್ಯಾಕ್ಸಿ ಚಾಲಕ, ನೋಡಿಕೊಳ್ಳಲು ಯಾರೂ ಇಲ್ಲದವನು. ಮೂರನೆಯ ದಿನದಿಂದ ಕ್ಯಾರಿಯರಿಗೆ ಇನ್ನೊಂದು ಬಟ್ಟಲು ಸೇರಿತು, ವಾರದ ಹೊತ್ತಿಗೆ ಐದು. ಮಾತಾಡಲು ತ್ರಾಣವಿಲ್ಲದಾಗಲೂ ಅಪ್ಪಯ್ಯ ಕಣ್ಣಿನಲ್ಲೇ ಆ ಹಾಸಿಗೆಗಳ ಕಡೆ ತೋರಿಸುತ್ತಿದ್ದರು. ಪ್ಯಾರಿಸ್ಸಿನ ದೇವರ ಹೋಟೆಲ್ಲಿನ ಬಗ್ಗೆ ನಾನು ಓದಿದ್ದು ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ.

ಮೊನ್ನೆ ಬೋರ್ಡು ಬರೆಯುವ ಕಾಕಾ ಅಳತೆಗೆ ಬಂದಿದ್ದರು. ಇಲ್ಲಿ ಅಂಗಡಿಯ ಬೋರ್ಡು ಮರಾಠಿಯಲ್ಲಿ ಇರಲೇಬೇಕು, ಬೇರೆ ಲಿಪಿಯ ಅಕ್ಷರಕ್ಕಿಂತ ಚಿಕ್ಕದಾಗಿರಕೂಡದು. ಅದು ಸರಿಯಾದ ಕಾನೂನೇ. ಅಣ್ಣನ ಮಗ ಚೀಟಿ ಕೊಟ್ಟ. ಕಾಕಾ ಕನ್ನಡಕ ಏರಿಸಿ ಓದಿ, ಹಳೆಯ ಬೋರ್ಡಿನ ಕಡೆ ನೋಡಿ, “ರೆಸ್ಟೋರೆಂಟ್? ತುಮಚ್ಯಾ ಹಾಟೇಲಚಾ ಬೋರ್ಡ್ ನಾ?” ಎಂದು ಕೇಳಿದರು. ನಿಮ್ಮ ಹೋಟೆಲಿನ ಬೋರ್ಡು ತಾನೇ, ಎಂದು. ಅವನು ಏನೂ ಹೇಳಲಿಲ್ಲ. ಹನ್ನೆರಡು ಅಡಿ ಉದ್ದ, ಎರಡೂವರೆ ಅಡಿ ಎತ್ತರ ಎಂದು ಬರೆದುಕೊಂಡು ಹೋಗಿದ್ದಾರೆ. ಶುಕ್ರವಾರದೊಳಗೆ ಯಾವ ಶಬ್ದ ಎಂದು ತಿಳಿಸಬೇಕಂತೆ. ಗುರುವಾರ ಸಂಜೆ ನಾನು ಲಾಲ್‌ಬಾಗ್‌ಗೆ ಹೋಗಿ ಈ ಬರಹವನ್ನು ಅವನಿಗೆ ಓದಿ ಹೇಳುತ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಕೇಳಿದರೆ ಎಲ್ಲ ತಿಳಿಯುತ್ತದೆ.